ದದ್ದು ಏಳದ ಕೈ

"ಕೈ ಅಲ್ಲಾಡಿಸ್ಬೇಡ ಅಂತ ಎಷ್ಟು ಸಲ ಬಡ್ಕೋಬೇಕೇ ಲೌಡಿ! ಸೊಳ್ಳೆ ಕಚ್ಚಿದ್ರೆ ಪ್ರಾಣ ಹೋಗತ್ತೇನೇ ನಿಂದು?"

ಕೂಗಿದವನು ಗಡಿಯಾರ. ಸೊಳ್ಳೆ ಮುಲಾಮಿನ ಕಾರ್ಖಾನೆಯಲ್ಲಿ ಪರೀಕ್ಷೆ ಕೋಣೆಯ ಮೇಲ್ವಿಚಾರಕ. ಸದಾ ಕೈಯಲ್ಲೊಂದು ಗಡಿಯಾರ ಹಿಡಿದು ನಿಮಿಷ ಎಣಿಸುತ್ತಿದ್ದುದರಿಂದ ಹೆಂಗಸರು ಅವನಿಗೆ ಆ ಹೆಸರಿಟ್ಟಿದ್ದರು. ಬೈಸಿಕೊಂಡವಳು ಹೊಸಬಳು, ಎರಡು ಮಕ್ಕಳ ತಾಯಿ, ಕೆಲಸಕ್ಕೆ ಸೇರಿ ಮೂರು ದಿನವಾಗಿತ್ತು. ಅವಳ ಬಲಗೈ ಮೊಣಕೈವರೆಗೂ ಜಾಲರಿ ಪೆಟ್ಟಿಗೆಯೊಳಗಿತ್ತು. ಒಳಗೆ ಇನ್ನೂರು ಸೊಳ್ಳೆ. ಎಲ್ಲ ಹೆಣ್ಣೇ, ಹಿಂದಿನ ದಿನದಿಂದ ಹಸಿವಿನಲ್ಲಿಟ್ಟವು.

"ಉರೀತಿದೆ ಸಾರ್. ಆಗಲ್ಲ ಸಾರ್, ತೆಗೀತೀನಿ ಸಾರ್."

"ತೆಗೆದ್ಯೋ, ಹಂಗೇ ಗೇಟಿನಿಂದ ಆಚೆ. ಇನ್ನೊಂದು ನಿಮಿಷ ಇದೆ, ಮುಚ್ಕೊಂಡು ನಿಂತ್ಕೋ."

ನಿಂತಳು ಪಾಪ. ಒಂದು ನಿಮಿಷ ಮುಗಿದು ಕೈ ಹೊರಗೆ ತೆಗೆದಾಗ ಮೂಲೆಯಲ್ಲಿ ಬಾಟಲಿ ತೊಳೆಯುತ್ತಿದ್ದ ದೊಡ್ಡಕ್ಕ ತಿರುಗಿ ನೋಡಿದಳು. ನೋಡುತ್ತಿದ್ದ ಹಾಗೆಯೇ ಆ ಕೈ ಮೇಲೆ ದದ್ದುಗಳು ಏಳತೊಡಗಿದವು. ಒಂದು, ಮೂರು, ಎಂಟು. ಹತ್ತು ನಿಮಿಷದಲ್ಲಿ ಹತ್ತೊಂಬತ್ತು ದದ್ದು, ಒಂದೊಂದೂ ಕಡಲೆಕಾಳಿನಷ್ಟು ದಪ್ಪ. ಮುಲಾಮು ಹಚ್ಚಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ.

ಆ ಕೋಣೆಯ ಕೆಲಸವೇ ಅದು. ಮುಲಾಮು ಹಚ್ಚಿಕೊಳ್ಳಬೇಕು, ಅರ್ಧ ಗಂಟೆಗೊಮ್ಮೆ ಮೂರು ನಿಮಿಷ ಪೆಟ್ಟಿಗೆಯೊಳಗೆ ಕೈ ಇಡಬೇಕು, ತೆಗೆದು ತೋರಿಸಬೇಕು. ಎಷ್ಟು ಹೊತ್ತಿನವರೆಗೆ ದದ್ದು ಏಳಲಿಲ್ಲವೋ ಅಷ್ಟು ಗಂಟೆ ರಕ್ಷಣೆ ಎಂದು ಟ್ಯೂಬಿನ ಮೇಲೆ ಅಚ್ಚಾಗುತ್ತಿತ್ತು. ಈ ಟ್ಯೂಬಿನ ಮೇಲೆ ಆರು ಗಂಟೆ ಎಂದು ಆಗಲೇ ಅಚ್ಚಾಗಿಹೋಗಿತ್ತು. ಪರೀಕ್ಷೆ ಆಮೇಲಿನ ಶಾಸ್ತ್ರ.

"ಥೂ, ಏನು ರಕ್ತಾನೇ ನಿಂದು! ಕೊಳಕು ರಕ್ತ. ಹೋಗು, ಪ್ಯಾಕಿಂಗ್ ಕಡೆ ಸಾಯಿ ಹೋಗು," ಎಂದು ಗಡಿಯಾರ ಅವಳ ಹಾಳೆಯನ್ನು ಹರಿದು ಬುಟ್ಟಿಗೆ ಎಸೆದ. "ಏ ಕಲ್ಲುಕೈ! ಬಾ ಇಲ್ಲಿ. ನಿನ್ನ ಕೈನೇ ಬೇಕು ಇದಕ್ಕೆಲ್ಲ."

ಕಲ್ಲುಕೈ ಅಂದರೆ ದೊಡ್ಡಕ್ಕ. ಹನ್ನೊಂದು ವರ್ಷದಿಂದ ಪೆಟ್ಟಿಗೆಗೆ ಕೈ ಒಡ್ಡಿದವಳು. ಮೊದಲ ವರ್ಷ ಅವಳ ಕೈಯೂ ಊದಿಕೊಳ್ಳುತ್ತಿತ್ತು, ಕೆರೆದು ಕೆರೆದು ರಕ್ತ ಬರುತ್ತಿತ್ತು. "ನಿನ್ ಮೈಗೆ ಔಷಧಿ ಹಿಡೀತಾ ಇದೆ ಕಣೆ. ಹಿಡಿದ್ಮೇಲೆ ಸೊಳ್ಳೆ ಕಚ್ಚಿದ್ರೂ ಅದರ ವಿಷ ಅಲ್ಲೇ ಸಾಯತ್ತೆ," ಎಂದಿದ್ದ ಗಡಿಯಾರ. ಹಿಡಿದೇ ಹಿಡಿಯಿತು. ಎರಡನೇ ವರ್ಷದಿಂದ ಅವಳ ಕೈ ಮೇಲೆ ಒಂದೇ ಒಂದು ದದ್ದು ಏಳಲಿಲ್ಲ. ಸೊಳ್ಳೆ ಕೂರುವುದು, ಮುಳ್ಳು ಇಳಿಸುವುದು ಎಲ್ಲ ಅವಳಿಗೆ ಗೊತ್ತಾಗುತ್ತಿತ್ತು. ಮುಲಾಮಿನ ತಂಪಿನಲ್ಲಿ ಅಷ್ಟೇನೂ ನೋಯುತ್ತಿರಲಿಲ್ಲ. ಕಚ್ಚಿದರೇನು, ವಿಷ ಸತ್ತಿತಲ್ಲ ಎಂದುಕೊಂಡು ನಿಲ್ಲುತ್ತಿದ್ದಳು. ನಂಬಿದ್ದಳು, ಹೌದು! ಬಿಳಿ ಕೋಟು ಹಾಕಿಕೊಂಡವನು ಹೇಳಿದರೆ ಯಾರು ನಂಬುವುದಿಲ್ಲ? ಒಳಗೊಳಗೇ ಜಂಬವೂ ಇತ್ತು. ಅಷ್ಟು ಹೆಂಗಸರಲ್ಲಿ ಔಷಧಿ ಹಿಡಿದದ್ದು ತನ್ನೊಬ್ಬಳ ಮೈಗೆ ಎಂದು.

ಆವತ್ತೂ ಅದೇ ಮುಲಾಮನ್ನು, ಅದೇ ಡಬ್ಬಿಯಿಂದ, ಕೈಗೆ ಹಚ್ಚಿಕೊಂಡು ಪೆಟ್ಟಿಗೆಯೊಳಗಿಟ್ಟಳು. ಮೂರು ನಿಮಿಷ. ತೆಗೆದಳು. ಏನೂ ಇಲ್ಲ.

"ನೋಡು, ಇದು ಕೈ ಅಂದ್ರೆ!" ಗಡಿಯಾರ ಸೊನ್ನೆ ಬರೆದುಕೊಂಡು ಊಟಕ್ಕೆ ಹೋದ.

ದೊಡ್ಡಕ್ಕ ಹೋಗಲಿಲ್ಲ. ಬಾಗಿಲ ಬಳಿ ಹೊಸಬಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೂಗು ಒರೆಸುತ್ತಿದ್ದಳು.

"ನಂಗ್ಯಾಕೆ ದೊಡ್ಡಕ್ಕಾ ಹಿಂಗಾಯ್ತು? ನನ್ ರಕ್ತ ನಿಜವಾಗ್ಲೂ ಕೊಳಕಾ?"

"ನಿನ್ ತಲೆ. ಸೋಪು ಹಾಕಿ ತೊಳ್ಕೋ ಹೋಗು, ಕೆರೀಬೇಡ."

ಅಂದಳೇ ಹೊರತು ಅವಳ ಕಣ್ಣು ಪೆಟ್ಟಿಗೆಯ ಮೇಲೆಯೇ ಇತ್ತು. ಜಾಲರಿಗೆ ಅಂಟಿ ಕೂತ ಸೊಳ್ಳೆಗಳ ಹೊಟ್ಟೆ ಕೆಂಪಗೆ ಉಬ್ಬಿತ್ತು. ಅದರಲ್ಲಿ ಹೊಸಬಳ ರಕ್ತವೆಷ್ಟು, ತನ್ನದೆಷ್ಟು? ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ, ನಾಳೆಗೆಂದು ಇಟ್ಟದ್ದು, ಇನ್ನೂ ಯಾರ ಕೈಯನ್ನೂ ಕಾಣದ್ದು. ದೊಡ್ಡಕ್ಕ ಏನನ್ನೋ ಯೋಚಿಸಿ ನಲ್ಲಿಯ ಹತ್ತಿರ ಹೋದಳು. ಎಡಗೈಗೆ ಸೋಪು ಹಾಕಿದಳು. ಎರಡು ಸಲ, ಮೂರು ಸಲ ತಿಕ್ಕಿದಳು. ಮೂಸಿ ನೋಡಿದಳು. ಮುಲಾಮಿನ ಹೂವಿನ ವಾಸನೆ ಚೂರೂ ಇಲ್ಲ ಎಂದು ಖಾತ್ರಿಯಾದ ಮೇಲೆ, ಬರಿಗೈಯನ್ನು ಆ ಹಸಿದ ಪೆಟ್ಟಿಗೆಯೊಳಗೆ ತೂರಿಸಿದಳು.

ಕೈ ಕಪ್ಪಾಯಿತು. ಅಷ್ಟು ಸೊಳ್ಳೆ ಮುತ್ತಿದವು. ಕಣ್ಣಲ್ಲಿ ನೀರು ಬಂತು, ಆದರೂ ಕೈ ಅಲ್ಲಾಡಿಸಲಿಲ್ಲ. ಹೊರಗೆ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಹತ್ತು ನಿಮಿಷ ಕಾದಳು. ಹದಿನೈದು ನಿಮಿಷ ಕಾದಳು. ಏನೂ ಏಳಲಿಲ್ಲ.

ಮುಲಾಮು ಹಚ್ಚಿದರೂ ಇಲ್ಲ, ಹಚ್ಚದಿದ್ದರೂ ಇಲ್ಲ.

ದೊಡ್ಡಕ್ಕ ಅಲ್ಲೇ ನೆಲಕ್ಕೆ ಕುಸಿದು ಕುಳಿತಳು. ಔಷಧಿ ಹಿಡಿದದ್ದೂ ಇಲ್ಲ, ಮಣ್ಣೂ ಇಲ್ಲ. ಹನ್ನೊಂದು ವರ್ಷ ಕಚ್ಚಿಸಿಕೊಂಡು ಕಚ್ಚಿಸಿಕೊಂಡು ತೊಗಲಿಗೆ ಊದಿಕೊಳ್ಳುವುದೇ ಮರೆತುಹೋಗಿದೆ, ಅಷ್ಟೇ. ವಿಷ ಎಲ್ಲೂ ಸತ್ತಿಲ್ಲ.

ಇಷ್ಟೇ ಆಗಿದ್ದರೆ ಒಂದು ಬೈಗುಳ ಬೈದು ಎದ್ದು ಹೋಗುತ್ತಿದ್ದಳೇನೋ. ಆದರೆ ಮಗಳಿದ್ದಳಲ್ಲ! ಒಬ್ಬಳೇ ಮಗಳು, ಗಂಡನ ಜೊತೆ ಕಾಲುವೆ ಅಗೆಯುವ ಕೆಲಸ, ವಾಸ ನಿಂತ ನೀರಿನ ಪಕ್ಕದ ತಗಡಿನ ಶೆಡ್ಡು. ಹೋದ ವರ್ಷ ಬಸುರಿಯಾದಾಗ, "ಸೊಳ್ಳೆ ಪರದೆ ಒಳಗೆ ಸೆಕೆ ಅಮ್ಮಾ, ಉಸಿರು ಕಟ್ಟತ್ತೆ," ಎಂದಿದ್ದಳು. "ಬಿಸಾಕೇ ಅದನ್ನ, ನಾನು ತರ್ತೀನಿ ನೋಡು ಔಷಧಿ," ಎಂದು ದೊಡ್ಡಕ್ಕನೇ ಡೊಂಕಾದ ಟ್ಯೂಬುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ತನ್ನ ಕೈಯಾರೆ ಮಗಳ ಕೈಕಾಲಿಗೆ ಹಚ್ಚಿದ್ದಳು. ತನ್ನ ಕೈಯನ್ನೇ ಸಾಕ್ಷಿಗೆ ತೋರಿಸಿದ್ದಳು. ಐದನೇ ತಿಂಗಳಲ್ಲಿ ಮಗಳಿಗೆ ಚಳಿಜ್ವರ ಬಂತು. ನಡುಕ ನಿಲ್ಲುವಷ್ಟರಲ್ಲಿ ಮಗು ಹೋಗಿತ್ತು. ಹಣೆಬರಹ ಅಂದುಕೊಂಡು ಅತ್ತಿದ್ದರು ಇಬ್ಬರೂ. ಈಗ ಮಗಳಿಗೆ ಮತ್ತೆ ಏಳು ತಿಂಗಳು.

ಅಯ್ಯೋ, ಹಾಳಾದವರೇ! ಎಂದು ದೊಡ್ಡಕ್ಕ ನೆಲಕ್ಕೆ ಗುದ್ದಿದಳು. ಎದ್ದು ನೇರ ಸಾಹೇಬರ ರೂಮಿಗೆ ಹೋದಳು.

ಸಾಹೇಬರು ಒಳ್ಳೆಯ ಮಾತಿನವರು. ಏರಿದ ದನಿಯಲ್ಲಿ ಮಾತಾಡಿದ್ದನ್ನು ಕಾರ್ಖಾನೆಯಲ್ಲಿ ಯಾರೂ ಕೇಳಿರಲಿಲ್ಲ. ಬೈಯುವ ಕೆಲಸಕ್ಕೆ ಗಡಿಯಾರನನ್ನು ಇಟ್ಟುಕೊಂಡಿದ್ದರು. ದೊಡ್ಡಕ್ಕ ಹೇಳಿದ್ದನ್ನೆಲ್ಲ ಪೆನ್ನು ತಿರುಗಿಸುತ್ತ ಕೇಳಿದರು.

"ಹೊಸ್ತಿಲಿನಿಂದ ಆಚೆ ನಿಂತ್ಕೊಂಡು ಮಾತಾಡಮ್ಮ, ಪೆಟ್ಟಿಗೆ ವಾಸನೆ ಬರತ್ತೆ. ಈಗೇನು, ನಿನ್ನ ಚರ್ಮ ಊದಲ್ಲ ಅಂತ ಇವತ್ತು ಗೊತ್ತಾಯ್ತಾ? ನಮಗೆ ಒಂಬತ್ತು ವರ್ಷದಿಂದ ಗೊತ್ತು. ಇಲ್ದಿದ್ರೆ ನಿನ್ನಂಥೋಳನ್ನ ಯಾರು ಇಟ್ಕೋತಿದ್ರು ಹೇಳು?"

ದೊಡ್ಡಕ್ಕ ಬಾಗಿಲ ಚೌಕಟ್ಟು ಹಿಡಿದು ಒಳಗೆ ಬಗ್ಗಿದಳು.

"ಹಂಗಾದ್ರೆ ಆ ಟ್ಯೂಬಲ್ಲಿ ಏನಿದೆ ಸಾಹೇಬ್ರೇ? ಔಷಧಿ ಇಲ್ವಾ?"

"ಇದೆ. ಇಲ್ಲ ಅಂತ ಯಾರಂದ್ರು? ಮೊದಲು ಜಾಸ್ತಿ ಹಾಕ್ತಿದ್ವಿ. ಸೊಳ್ಳೆ ಹತ್ರಾನೂ ಬರ್ತಿರ್ಲಿಲ್ಲ. ಆಮೇಲೆ ಜನ ಉರಿ ಅಂದ್ರು, ಕಣ್ಣಿಗೆ ಹೋಯ್ತು ಅಂದ್ರು, ಔಷಧಿ ಬೆಲೆ ಬೇರೆ ಏರ್ತು. ಈಗ ಆರರಲ್ಲೊಂದು ಪಾಲು ಹಾಕ್ತೀವಿ. ಮಿಕ್ಕಿದ್ದು ತಂಪು, ಸುವಾಸನೆ. ಮಗು ನೆಕ್ಕಿದ್ರೂ ಏನೂ ಆಗಲ್ಲ. ಪೂರ್ತಿ ಸುರಕ್ಷಿತ ಅಂತ ಬರೆದಿರೋದು ಸುಳ್ಳೇನಲ್ವಲ್ಲ?"

"ಸೊಳ್ಳೆಗೂ ಏನೂ ಆಗಲ್ವಲ್ಲ ಸಾಹೇಬ್ರೇ!"

ಸಾಹೇಬರು ನಕ್ಕರು. ನಿಜವಾಗಿಯೂ ನಕ್ಕರು, ಬೋಳಿಮಗ.

"ನಾಳೆ ಕಾಲುವೆ ಇಲಾಖೆ ಆಫೀಸರಮ್ಮ ಬರ್ತಾರೆ, ಪರೀಕ್ಷೆ ನೋಡಿ ರುಜು ಹಾಕಕ್ಕೆ. ಕಾಲುವೆ ಶೆಡ್ಡುಗಳಿಗೆಲ್ಲ ನಮ್ಮ ಟ್ಯೂಬೇ ಹೋಗೋದು, ಇಪ್ಪತ್ತು ಸಾವಿರ. ನೀನು ಕೈ ಇಡು, ತೋರಿಸು, ಹಾಳೆ ಮೇಲೆ ಹೆಬ್ಬೆಟ್ಟು ಒತ್ತು, ಕೆಳಗಿಳಿ. ಬಾಯಿ ಮಾತ್ರ ತೆಗೀಬೇಡ."

ಕಾಲುವೆ ಶೆಡ್ಡು ಎಂದದ್ದೇ ತಡ, ದೊಡ್ಡಕ್ಕನ ಕಾಲು ಹೊಸ್ತಿಲು ದಾಟಿತು.

"ನನ್ ಮಗಳು ಅಲ್ಲಿದಾಳೆ ಸಾಹೇಬ್ರೇ. ತುಂಬಿದ ಬಸುರಿ. ಒಂದ್ಸಲ ಹೋಯ್ತು. ಈ ಸಲ ಇಲಾಖೆ ಹಂಚಿದ ಪರದೆ ಕಟ್ಕೊಂಡು ಮಲಗ್ತಾಳೆ, ಅದರಿಂದ ಬದುಕಿದಾಳೆ."

"ಟ್ಯೂಬು ಬಂದ್ರೆ ಪರದೆ ವಾಪಸ್ಸು ತಗೋತಾರೆ. ಎರಡೆರಡು ಕೊಡಕ್ಕಾಗಲ್ಲ ಅಂತ ಅವರ ಲೆಕ್ಕಾಚಾರ." ಸಾಹೇಬರು ಸ್ವಲ್ಪ ಯೋಚಿಸಿದರು. ಮೇಜಿನ ಕೆಳಗಿನ ಕಪಾಟು ತೆಗೆದು, ಪ್ಲಾಸ್ಟಿಕ್ ಚೀಲವೂ ಬಿಚ್ಚದ ಹೊಸ ಸೊಳ್ಳೆ ಪರದೆಯೊಂದನ್ನು ಅವಳ ಕಡೆ ತಳ್ಳಿದರು. "ಮನೆಗೆ ಅಂತ ತರಿಸಿದ್ದೆ. ತಗೊಂಡ್ಹೋಗಿ ಮಗಳಿಗೆ ಕೊಡು. ಸಮಾಧಾನ ಆಯ್ತಾ?"

ಮುಲಾಮಿನ ಕಾರ್ಖಾನೆಯ ಧಣಿ, ತನ್ನ ಮನೆಗೆ ಪರದೆ ತರಿಸಿಕೊಳ್ಳುತ್ತಾನೆ! ಅದನ್ನು ಮುಚ್ಚಿಡಬೇಕೆಂದೂ ಅವನಿಗೆ ಅನ್ನಿಸಲಿಲ್ಲ. ಇವಳ ಮುಂದೆ ಎಂಥ ನಾಚಿಕೆ?

ದೊಡ್ಡಕ್ಕ ಪರದೆ ತೆಗೆದುಕೊಂಡಳು. ಬಸುರಿ ಮಗಳಿರುವ ತಾಯಿ, ಮುಖಕ್ಕೆ ಎಸೆಯಲು ಆಗುತ್ತದೆಯೇ? ಸಂಜೆ ಕೆಲಸ ಬಿಟ್ಟವಳೇ ಕಾಲುವೆಯ ಕಡೆ ನಡೆದಳು.

ಶೆಡ್ಡು ಅಂದರೆ ಒಂದೇ ಉದ್ದದ ತಗಡು, ಒಳಗೆ ಸಾಲಾಗಿ ಇಪ್ಪತ್ತಾರು ಚಾಪೆ. ದೊಡ್ಡಕ್ಕ ಹೋದಾಗ ಮಗಳು ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಒರಗಿದ್ದಳು. ಕಂಬದ ಮೇಲೆ ಪರದೆ ಕಟ್ಟುತ್ತಿದ್ದ ಹಗ್ಗದ ತುಂಡು ನೇತಾಡುತ್ತಿತ್ತು. ಪರದೆ ಇರಲಿಲ್ಲ.

"ಮಧ್ಯಾಹ್ನಾನೇ ಬಿಚ್ಕೊಂಡು ಹೋದ್ರು ಕಣಮ್ಮ. ಎಲ್ಲಾರದ್ದೂ. ನಾಳೆ ಟ್ಯೂಬು ಹಂಚ್ತಾರಂತೆ, ಫೋಟೋ ತೆಗೀತಾರಂತೆ, ಪರದೆ ಕಾಣಬಾರದಂತೆ."

"ನಾಳೆ ಬರೋದಕ್ಕೆ ಇವತ್ತೇ ಬಿಚ್ಚಿದ್ರಾ? ಇವರ ಕೈ ಸೇದಿಹೋಗ! ತಗೋ, ಇದನ್ನ ಕಟ್ಕೋ. ಹೊಸದು."

ಮಗಳು ಚೀಲ ಬಿಚ್ಚಿ ಪರದೆಯನ್ನು ಮುಟ್ಟಿ ನೋಡಿದಳು. ಆಮೇಲೆ ಸಾಲಿನ ಕಡೆ ನೋಡಿದಳು. ಪಕ್ಕದ ಚಾಪೆಯಲ್ಲಿ ಹಸುಗೂಸಿನ ಬಾಣಂತಿ, ಅದರಾಚೆ ಜ್ವರದಿಂದ ಎದ್ದ ಇನ್ನೊಬ್ಬಳು. ಎಲ್ಲರ ಕಣ್ಣೂ ಪರದೆಯ ಮೇಲೆ.

"ಇದೊಂದನ್ನ ನಾನೆಲ್ಲಿ ಕಟ್ಲಿ? ಬೆಳಗಾಗೋದ್ರೊಳಗೆ ಕಿತ್ಕೋತಾರೆ. ಅವರ ತಪ್ಪಲ್ಲ, ಅವರ ಜಾಗದಲ್ಲಿದ್ರೆ ನಾನೂ ಕಿತ್ಕೋತಿದ್ದೆ. ಹೋದ್ಸಲ ನೀನು ಬಿಸಾಕು ಅಂದೆ, ಬಿಸಾಕ್ದೆ. ಈಗ ಕಟ್ಕೋ ಅಂತಿದೀಯ. ನೀನು ಆ ಕಾರ್ಖಾನೇಲಿ ಏನಮ್ಮ ಮಾಡ್ತೀಯ? ಆ ಟ್ಯೂಬು ಕೆಲಸ ಮಾಡತ್ತಾ ಇಲ್ವಾ, ಅದನ್ನ ಹೇಳು ನಂಗೆ."

"ಇಲ್ಲ ಕಣೇ," ಎಂದಳು ದೊಡ್ಡಕ್ಕ. "ಇಲ್ಲ. ನಾನೇ ನಿನ್ ಮಗೂನ..."

ಮಗಳು ಅಳಲಿಲ್ಲ. ಪರದೆಯನ್ನು ಎತ್ತಿ ಬಾಣಂತಿಯ ಚಾಪೆಯ ಮೇಲೆ ಹಾಕಿದಳು.

"ಹಂಗಾದ್ರೆ ಅವರಿಗೆ ಹೇಳು ಹೋಗು. ನಂಗೆ ಹೇಳಿ ಏನು ಬಂತು?"

ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಆಫೀಸರಮ್ಮ ಬಂದರು. ಮಹಡಿಯ ತಣ್ಣನೆಯ ರೂಮು, ಉದ್ದದ ಗಾಜಿನ ಮೇಜು. ದೊಡ್ಡಕ್ಕ ಪೆಟ್ಟಿಗೆ ಹೊತ್ತು ತಂದು ಮೇಜಿನ ಮೇಲಿಟ್ಟಳು. ಅವಳಿಗೆ ಕುರ್ಚಿ ಇರಲಿಲ್ಲ. ಒಳಗಿದ್ದವರು ಮೂವರು: ಆಫೀಸರಮ್ಮ, ಸಾಹೇಬರು, ಫೋನಿನಲ್ಲಿ ಫೋಟೋ ತೆಗೆಯಲು ನಿಂತ ಗಡಿಯಾರ.

"ಮೇಡಂ, ಸ್ವಲ್ಪ ಹಚ್ಕೊಳ್ಳಿ, ಸುವಾಸನೆ ನೋಡಿ," ಎಂದು ಸಾಹೇಬರು ಟ್ಯೂಬು ಹಿಂಡಿದರು. ಆಫೀಸರಮ್ಮ ಎರಡೂ ಕೈಗೆ ಹಚ್ಚಿಕೊಂಡು ಮೂಸಿ, "ಅಯ್ಯೋ ಚೆನ್ನಾಗಿದೆ ಕಣ್ರಿ, ಹೂವಿನ ಥರ," ಎಂದರು. ಸಾಹೇಬರೂ ಹಚ್ಚಿಕೊಂಡರು. ಗಡಿಯಾರನಿಗೂ ಕುತ್ತಿಗೆಗೆ ಸವರಿಕೊಳ್ಳಲು ಹೇಳಿದರು. ಮೂರೂ ಜನ ಟ್ಯೂಬು ಹಿಡಿದು ನಕ್ಕ ಫೋಟೋ ಆಯಿತು.

ಆಮೇಲೆ ದೊಡ್ಡಕ್ಕನ ಸರದಿ. ಆರು ಗಂಟೆ ಮುಂಚೆ ಹಚ್ಚಿದ ಮುಲಾಮು ಎಂದು ಗಡಿಯಾರ ವಿವರಿಸಿದ. ಹಚ್ಚಿದ್ದು ಕೆಳಗಿನ ಕೋಣೆಯಲ್ಲಿ, ಹತ್ತು ನಿಮಿಷದ ಹಿಂದೆ. ಅವಳು ಕೈ ಇಟ್ಟಳು, ಮೂರು ನಿಮಿಷ ನಿಂತಳು, ತೆಗೆದಳು. ಆಫೀಸರಮ್ಮ ದೂರದಿಂದಲೇ ಬಗ್ಗಿ ನೋಡಿದರು. ಟೀ ಬಂತು, ಕುಡಿದರು. ಮತ್ತೊಮ್ಮೆ ಬಗ್ಗಿ ನೋಡಿದರು.

"ಭೇಷ್! ಒಂದೂ ಇಲ್ಲ. ಏನಮ್ಮ, ಉರಿ ಗಿರಿ ಇದೆಯಾ?"

"ಇಲ್ಲಮ್ಮಾವ್ರೇ."

"ಸರಿ, ಹೆಬ್ಬೆಟ್ಟು ಒತ್ತು."

ಗಡಿಯಾರ ಶಾಯಿಯ ಡಬ್ಬಿ ಮುಂದಿಟ್ಟ. ದೊಡ್ಡಕ್ಕ ಹೆಬ್ಬೆಟ್ಟು ಮುಂದೆ ಚಾಚಲಿಲ್ಲ.

"ಅಮ್ಮಾವ್ರೇ, ನನ್ ಕೈ ಊದಲ್ಲ. ಮುಲಾಮು ಹಚ್ಚದಿದ್ರೂ ಊದಲ್ಲ. ಹನ್ನೊಂದು ವರ್ಷ ಕಚ್ಚಿಸ್ಕೊಂಡ ತೊಗಲು ಇದು. ಇದನ್ನ ನೋಡಿ ನೀವು ರುಜು ಹಾಕ್ಬೇಡಿ. ಹೊಸ ಕೈ ಇಡ್ಸಿ ನೋಡಿ. ನಿಮ್ಮದೇ ಇಡಿ, ಮುಲಾಮು ಹಚ್ಕೊಂಡಿದೀರಲ್ಲ."

"ಏಯ್, ಬಾಯಿ ಮುಚ್ಚೇ ಸೂಳೆ!" ಗಡಿಯಾರ ಅವಳ ರಟ್ಟೆ ಹಿಡಿದೆಳೆದ.

"ಕ್ಷಮಿಸಿ ಮೇಡಂ," ಸಾಹೇಬರ ದನಿ ಬೆಣ್ಣೆ. "ಇವಳಿಗೆ ತಲೆ ಸ್ವಲ್ಪ ಸರಿ ಇಲ್ಲ. ಮಗಳಿಗೆ ಗರ್ಭ ಹೋಯ್ತು ಹೋದ್ವರ್ಷ, ಆವಾಗಿಂದ ಹಿಂಗೆ. ಈ ಜನ ಹಿಂಗೇ ಮೇಡಂ, ತಿಂಗಳು ತಿಂಗಳು ಹೆರ್ತಾರೆ, ಒಂದು ಹೋದ್ರೆ ನಮ್ಮ ಮೇಲೆ ಹಾಕ್ತಾರೆ."

ಆಫೀಸರಮ್ಮ ತಮ್ಮ ಕೈಗಡಿಯಾರ ನೋಡಿಕೊಂಡು, "ಅದಕ್ಕೇನು ಬಿಡಿ, ಹೆಬ್ಬೆಟ್ಟು ಬೇರೆ ಯಾರದ್ದಾದ್ರೂ ಆಗತ್ತೆ," ಎಂದು ಪೆನ್ನಿನ ಮುಚ್ಚಳ ತೆಗೆದರು.

ದೊಡ್ಡಕ್ಕನಿಗೆ ಸಿಟ್ಟು ನೆತ್ತಿಗೇರಿತು. ಗಡಿಯಾರನ ಕೈಯನ್ನು ಕೊಡವಿದಳು. ಪೆಟ್ಟಿಗೆಯೊಳಗೆ ಕೈ ತೂರಿಸುವ ಬಟ್ಟೆತೋಳಿಗೆ ಕಟ್ಟಿದ್ದ ಲಾಡಿಯನ್ನು ಒಂದೇ ಎಳೆತಕ್ಕೆ ಬಿಚ್ಚಿ, ತೋಳನ್ನೇ ಹರಿದು, ಪೆಟ್ಟಿಗೆಯನ್ನು ಮೇಜಿನ ಮೇಲೆ ಮಗುಚಿದಳು. ಇನ್ನೂರೂ ಎದ್ದವು. ಅವಳು ಬಾಗಿಲಿಗೆ ಹೋಗಿ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಅಯ್ಯಯ್ಯೋ! ಜ್ವರ ಬರತ್ತೆ ಕಣ್ರೀ!" ಆಫೀಸರಮ್ಮ ಚೀರಿದರು.

"ಇಲ್ಲ ಮೇಡಂ, ಇಲ್ಲ, ಇವು ಇಲ್ಲೇ ಸಾಕಿದ್ದು, ರೋಗ ಇರಲ್ಲ," ಗಡಿಯಾರ ತಡವರಿಸಿದ.

"ಹೌದಮ್ಮಾವ್ರೇ, ಇವು ಸಾಕಿದ್ದು," ಎಂದಳು ದೊಡ್ಡಕ್ಕ. "ಶೆಡ್ಡಿನಲ್ಲಿರೋ ಸೊಳ್ಳೆನ ಯಾರೂ ಸಾಕಿಲ್ಲ. ಕೂತ್ಕೊಳ್ಳಿ, ಯಾಕೆ ಹೆದರ್ತೀರಾ? ಹೊಸದಾಗಿ ಹಚ್ಕೊಂಡಿದೀರಿ. ಆರು ಗಂಟೆ ಏನೂ ಆಗಲ್ಲ, ಟ್ಯೂಬ್ ಮೇಲೇ ಬರೆದಿದೆ."

ಆಫೀಸರಮ್ಮ ಸಾಹೇಬರ ಮುಖ ನೋಡಿದರು. ಸಾಹೇಬರು ನಗಲು ಪ್ರಯತ್ನಿಸುತ್ತ ಕುಳಿತೇ ಇದ್ದರು. ಅವರ ಕೆನ್ನೆಯ ಮೇಲೆ ಒಂದು ಕೂತಿತು. ಕಿವಿಯ ಮೇಲೆ ಇನ್ನೊಂದು, ಹಚ್ಚಿಕೊಂಡ ಕೈಯ ಮೇಲೆ ಮೂರು. ಅವರು ಹೊಡೆದುಕೊಳ್ಳುವ ಹಾಗಿರಲಿಲ್ಲ. ಹೊಡೆದುಕೊಂಡರೆ ಇಪ್ಪತ್ತು ಸಾವಿರ ಟ್ಯೂಬೂ ಹೋಗುತ್ತಿತ್ತು. ಆಫೀಸರಮ್ಮನ ಮುಂದೆ, ಕೈಯನ್ನು ಮೇಜಿನ ಮೇಲೆ ಚಾಚಿ, ಹಣೆಯ ನರ ಉಬ್ಬಿಸಿಕೊಂಡು ಕುಳಿತರು. ಕೆನ್ನೆಯ ಮೇಲಿನದರ ಹೊಟ್ಟೆ ನಿಧಾನವಾಗಿ ಕೆಂಪಾಗುತ್ತಿದ್ದುದು ಬಾಗಿಲವರೆಗೂ ಕಾಣುತ್ತಿತ್ತು.

"ಏನೂ ಇಲ್ಲ ಮೇಡಂ. ಸುಮ್ನೆ ಕೂರತ್ತೆ, ಕಚ್ಚಲ್ಲ," ಎಂದರು, ತುಟಿಯನ್ನು ಆದಷ್ಟು ಅಲ್ಲಾಡಿಸದೆ.

ಆಫೀಸರಮ್ಮ ಪೆನ್ನು ಹಿಡಿದ ತಮ್ಮ ಕೈಯನ್ನೇ ನೋಡುತ್ತಿದ್ದರು. ಹೂವಿನ ವಾಸನೆಯ ಆ ಬಿಳಿ ಕೈ ಮೇಲೆ, ಉಂಗುರದ ಪಕ್ಕದಲ್ಲಿ, ಮೊದಲ ದದ್ದು ಎದ್ದಿತ್ತು. ಅದರ ಪಕ್ಕದಲ್ಲಿ ಎರಡನೆಯದು ಏಳುತ್ತಿತ್ತು.

"ಬಾಗಿಲು ತೆಗೀರಿ," ಎಂದರು ಮೆಲ್ಲಗೆ. ಆಮೇಲೆ ಕಿರುಚಿದರು, "ಬಾಗಿಲು ತೆಗಿಯೇ!"

"ತೆಗೀತೀನಿ. ಮೊದಲು ಅದನ್ನ ಬರೀರಿ."

"ಏನು ಬರೀಬೇಕು?"

"ನಿಮ್ ಕೈಲಿ ಎಷ್ಟು ಎದ್ದಿದೆಯೋ ಅಷ್ಟು. ಬರೆದು ನಿಮ್ ರುಜು ಹಾಕಿ. ಪರದೆ ವಾಪಸ್ಸು ಕಟ್ಟಬೇಕು ಅಂತಾನೂ ಬರೀರಿ. ನನ್ ಮಗಳು ರಾತ್ರಿಯೆಲ್ಲ ಬರಿಮೈಲಿ ಮಲಗಿದ್ಲು."

ಚಟಾರ್ ಎಂಬ ಸದ್ದು. ಸಾಹೇಬರು ತಮ್ಮ ಕೆನ್ನೆಗೆ ತಾವೇ ಹೊಡೆದುಕೊಂಡಿದ್ದರು. ಅಂಗೈ ತುಂಬ ರಕ್ತ. ಅದನ್ನು ಎಲ್ಲಿ ಒರೆಸುವುದೆಂದು ತಿಳಿಯದೆ ಆಫೀಸರಮ್ಮನ ಕಡೆ ನೋಡಿದರು. ಅಷ್ಟೇ ಸಾಕಿತ್ತು, ಮೂವರೂ ಕೈ, ಕುತ್ತಿಗೆ, ಮುಖ ಎನ್ನದೆ ಬಡಿದುಕೊಳ್ಳತೊಡಗಿದರು. ಟೀ ಲೋಟ ಉರುಳಿ ಹಾಳೆ ನೆನೆಯಿತು.

ಆಚೆಯಿಂದ ಯಾರೋ ಬಾಗಿಲು ಗುದ್ದತೊಡಗಿದರು. ಮೆಟ್ಟಿಲ ಮೇಲೆ ಕಾವಲುಗಾರರು ಓಡಿ ಬರುವ ಸದ್ದಾಯಿತು. ದೊಡ್ಡಕ್ಕ ಕಾಲು ಊರಿ ಬೆನ್ನನ್ನು ಇನ್ನಷ್ಟು ಒತ್ತಿ, ನೆನೆಯದೆ ಕಾಲ ಬಳಿ ಬಿದ್ದಿದ್ದ ಹಾಳೆಯೊಂದನ್ನು ಎತ್ತಿ ಆಫೀಸರಮ್ಮನ ಕಡೆ ಚಾಚಿದಳು.

"ಬರೀರಿ," ಎಂದಳು.